ಸ್ವಪ್ನದಲ್ಲಿ ವಿಚಾರಣೆ: ನಿಮಿತ್ತವೋ ಆಲೋಚನೆಯೋ?

ತುಮಕೂರಿನ ಉಪ್ಪಾರಹಳ್ಳಿಯಲ್ಲಿ ವಾಸವಾಗಿರುವ ವೃದ್ಧ ಶ್ರಾವಕರೊಬ್ಬರ ಮನೆಗೆ ಕೆಲವು ಓಲೆಗಳನ್ನು ನೋಡುವ ಸಲುವಾಗಿ ಹೋಗುವ ಸಂದರ್ಭ ಒದಗಿತ್ತು. ಓಲೆಗಳು ವಿಶೇಷವಾದುವಲ್ಲ. ಆದಿಭಾಗವಿಲ್ಲದ ಒಂದು ಸ್ವಪ್ನಫಲ, ಅದರೊಡನೆ ಹಲ್ಲಿ ಬೀಳುವುದರ ಫಲ, ಕೆಲವು ಶಕುನಗಳು. ಇಂತಹವು ನಮ್ಮ ನಾಡಿನ ಓಲೆಕಟ್ಟುಗಳಲ್ಲಿ ಎಷ್ಟೋ ದೊರೆಯುತ್ತವೆ. ಅವನ್ನು ಮರಳಿ ಕಟ್ಟಿಟ್ಟು ಏಳುವಷ್ಟರಲ್ಲಿ ಆ ಹಿರಿಯರು, “ಪಂಡಿತರೆ, ಇದರಲ್ಲಿ ಕೋರ್ಟಿನ ಕನಸಿಗೆ ಫಲ ಬರೆದಿದೆಯೆ?” ಎಂದು ಕೇಳಿದರು. ನಾನು ನಕ್ಕೆನು. ಅವರು ನಗಲಿಲ್ಲ.

ಅವರು ನ್ಯಾಯಾಲಯವೊಂದರಲ್ಲಿ ಗುಮಾಸ್ತರಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದವರು. ಸಾಕ್ಷಿಗಳ ಹೇಳಿಕೆಗಳನ್ನು ಬರೆದುಕೊಳ್ಳುವುದರಲ್ಲಿಯೇ ಆಯುಷ್ಯದ ಬಹುಭಾಗ ಕಳೆದಿದೆ. ನಿವೃತ್ತಿಯ ಬಳಿಕ ಒಂದೇ ಕನಸು ಮರಳಿ ಮರಳಿ ಬೀಳುತ್ತದೆಯಂತೆ. ಜವಾನನು ಮೂರು ಸಲ ಹೆಸರು ಕೂಗುತ್ತಾನೆ. ಅದು ಇವರದೇ ಹೆಸರು. ಇವರು ಕಟಕಟೆಯಲ್ಲಿ ನಿಲ್ಲುತ್ತಾರೆ. ಪೀಠದಲ್ಲಿ ಕುಳಿತವರ ಮುಖ ಕಾಣುವುದಿಲ್ಲ. ಆರೋಪವೇನೆಂದು ಯಾರೂ ಹೇಳುವುದಿಲ್ಲ. ಒಂದು ಹೇಳಿಕೆಯ ಕಾಗದವನ್ನು ಮಾತ್ರ ಮುಂದೆ ಹಿಡಿಯುತ್ತಾರೆ. ಅದು ಇವರದೇ ಕೈಬರಹ. ಓದಲು ಕಣ್ಣು ಹಾಯಿಸುವಷ್ಟರಲ್ಲಿ ಎಚ್ಚರವಾಗುತ್ತದೆ. “ಇದು ಮುಂದೆ ಬರುವ ಕೆಡುಕಿನ ಸೂಚನೆಯೋ, ಹಿಂದೆ ಮಾಡಿದ್ದರ ಲೆಕ್ಕವೋ? ಶಾಂತಿ ಮಾಡಿಸಬೇಕೆ?” ಎಂಬುದು ಅವರ ಪ್ರಶ್ನೆ.

ಪ್ರಶ್ನೆಯನ್ನು ಅವರು ಎರಡಾಗಿ ಸೀಳಿ ಕೇಳಿದ್ದು ಉಚಿತವೇ ಆಗಿತ್ತು. ಜೈನ ವಾಙ್ಮಯದಲ್ಲಿ ಸ್ವಪ್ನವು ಎರಡು ಬೇರೆ ಬೇರೆ ಎಡೆಗಳಲ್ಲಿ ಬರುತ್ತದೆ. ಒಂದು ನಿಮಿತ್ತಶಾಸ್ತ್ರದಲ್ಲಿ, ಇನ್ನೊಂದು ಆಚಾರಗ್ರಂಥಗಳ ಪ್ರತಿಕ್ರಮಣ ಪ್ರಕರಣದಲ್ಲಿ. ಮೊದಲನೆಯದರಲ್ಲಿ ಸ್ವಪ್ನವು ಒಂದು ಚಿಹ್ನೆ, ಅದು ಮುಂದನ್ನು ಹೇಳುತ್ತದೆ. ಎರಡನೆಯದರಲ್ಲಿ ಅದು ಅತಿಚಾರಕ್ಕೆ ಎಡೆಯಾದ ಒಂದು ವ್ಯಾಪಾರ, ಅದರ ಲೆಕ್ಕವನ್ನು ಒಪ್ಪಿಸಬೇಕು. ಓಲೆಯ ಕಟ್ಟುಗಳಲ್ಲಿಯೂ ಇವೆರಡು ಸಾಮಾನ್ಯವಾಗಿ ಒಂದೆಡೆ ಸೇರುವುದಿಲ್ಲ. ಸ್ವಪ್ನಫಲವು ಶಕುನ, ಪಲ್ಲೀಪತನಗಳ ಜೊತೆಗೆ. ಪ್ರತಿಕ್ರಮಣವು ಭಕ್ತಿಪಾಠ, ಸಾಮಾಯಿಕಗಳ ಜೊತೆಗೆ. ವಿಚಾರಣೆಯ ಕನಸು ಇವುಗಳಲ್ಲಿ ಯಾವ ಕಟ್ಟಿಗೆ ಸೇರಬೇಕಾದುದೆಂಬುದೇ ಇಲ್ಲಿಯ ವಿಚಾರ.

ಮೊದಲು ನಿಮಿತ್ತದ ಪಕ್ಷ. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಅಷ್ಟಾಂಗ ಮಹಾನಿಮಿತ್ತಗಳಲ್ಲಿ ಸ್ವಪ್ನವೂ ಒಂದಾಗಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಭದ್ರಬಾಹುವಿನ ಹೆಸರಿನಲ್ಲಿ ಪ್ರಚಲಿತವಾಗಿರುವ, ಆದರೆ ಶ್ರುತಕೇವಲಿಯ ಕಾಲಕ್ಕಿಂತ ಬಹಳ ಈಚಿನದಾದ ಸಂಹಿತೆಯಲ್ಲಿ ಸ್ವಪ್ನಕ್ಕೆ ಮೀಸಲಾದ ಅಧ್ಯಾಯವಿದೆ. ಇಂತಹ ಗ್ರಂಥಗಳ ಕ್ರಮ ಎಲ್ಲೆಡೆಯೂ ಹೆಚ್ಚು ಕಡಿಮೆ ಒಂದೇ. ರಾಜನನ್ನು, ಆನೆಯನ್ನು, ಬಂಗಾರವನ್ನು ಕಂಡರೆ ಶುಭ. ಕನಸಿನಲ್ಲಿ ಅತ್ತರೆ ಹರ್ಷ, ನಕ್ಕರೆ ದುಃಖ. ಮೊದಲ ಜಾವದ ಕನಸು ತಡವಾಗಿ ಫಲಿಸುತ್ತದೆ, ನಸುಕಿನದು ಬೇಗನೆ. ವಸ್ತುವೊಂದು, ಫಲವೊಂದು. ಕಂಡವನು ಯಾರು, ಅವನ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಈ ಪಟ್ಟಿಗಳು ವಿಚಾರಿಸುವುದು ವಿರಳ. ಕಟಕಟೆಯಂತೂ ಅವುಗಳಲ್ಲಿ ಬರುವಂತೆಯೇ ಇಲ್ಲ. ಧರ್ಮಾಸನ, ಸಭ್ಯರು, ಕಾಯ್ದ ಕಬ್ಬಿಣವನ್ನು ಹಿಡಿಯುವ ದಿವ್ಯ, ಇವು ಅಂದಿನ ವಿಚಾರಣೆಯ ಅಂಗಗಳು. ಉಪ್ಪಾರಹಳ್ಳಿಯ ಓಲೆಗಳಲ್ಲಿ ಧರ್ಮಾಸನವೂ ಇರಲಿಲ್ಲ.

ಆದರೆ ಕನಸೆಲ್ಲವೂ ನಿಮಿತ್ತವೆಂದು ಪೂರ್ವಾಚಾರ್ಯರು ಹೇಳಿಲ್ಲವೆಂಬುದನ್ನು ಮರೆಯಬಾರದು. ಚರಕನು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಎಂಬ ಮೊದಲ ಐದನ್ನು ನಿಷ್ಫಲವೆಂದು ತಳ್ಳಿಹಾಕುತ್ತಾನೆ. ಶ್ವೇತಾಂಬರ ಆಗಮವಾದ ಭಗವತೀಸೂತ್ರವು ಸ್ವಪ್ನದರ್ಶನವನ್ನು ಐದು ಬಗೆಯಾಗಿ ಎಣಿಸುವಲ್ಲಿ ಚಿಂತಾಸ್ವಪ್ನಕ್ಕೆ ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಕನಸು ಕಾಣುವವನು ನಿದ್ರಿಸುತ್ತಲೂ ಇಲ್ಲ, ಎಚ್ಚರವಾಗಿಯೂ ಇಲ್ಲ, ಸುಪ್ತಜಾಗ್ರತನಾಗಿರುತ್ತಾನೆಂದು ಅಲ್ಲಿಯೇ ಹೇಳಿದೆ. ಜಿನಸೇನಾಚಾರ್ಯರು ಪೂರ್ವಪುರಾಣದ 41ನೆಯ ಪರ್ವದಲ್ಲಿ ಸ್ವಸ್ಥನ ಕನಸು, ಅಸ್ವಸ್ಥನ ಕನಸು ಎಂದು ವಿಭಾಗಿಸಿ, ಧಾತುಗಳು ಸಮವಾಗಿದ್ದಾಗ ಕಂಡದ್ದು ಸತ್ಯ, ವಿಷಮವಾಗಿದ್ದಾಗ ಕಂಡದ್ದು ಮಿಥ್ಯೆ ಎನ್ನುತ್ತಾರೆ. ಮೂವತ್ತು ವರ್ಷಗಳ ಕಾಲ ಕಟಕಟೆಯ ಪಕ್ಕದಲ್ಲಿ ಕುಳಿತವರಿಗೆ ಕಟಕಟೆಯ ಕನಸು ಬೀಳುವುದನ್ನು ಚಿಂತಾಸ್ವಪ್ನವೆಂದು ಹೇಳಿ ಕೈತೊಳೆದುಕೊಳ್ಳಲು ಇಷ್ಟೇ ಸಾಕು. ನಾನು ಅಂದು ಹಾಗೆಯೇ ಹೇಳಿದೆನು. ಅದು ಅರ್ಧ ಉತ್ತರವೆಂದು ಮನೆಗೆ ಬಂದ ಮೇಲೆ ತೋರಿತು. ಕನಸು ಫಲವನ್ನು ಕೊಡುವುದಿಲ್ಲವೆಂದು ಹೇಳಿದರೆ ಶಿರಸ್ತೇದಾರರ ಎರಡನೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಜಿನಸೇನರ ಆ ಪರ್ವವನ್ನೇ ಇನ್ನೊಮ್ಮೆ ನೋಡೋಣ. ಭರತಚಕ್ರಿಯು ಕಂಡ ಹದಿನಾರು ಕನಸುಗಳು ಪ್ರಸಿದ್ಧವಾದುವು. ಪರ್ವತವನ್ನೇರಿದ ಇಪ್ಪತ್ತಮೂರು ಸಿಂಹಗಳು, ಆನೆಯ ಭಾರವನ್ನು ಹೊತ್ತು ಬೆನ್ನು ಮುರಿದ ಕುದುರೆ, ಆನೆಯ ಹೆಗಲೇರಿದ ಕಪಿಗಳು, ನಡುವೆ ಒಣಗಿ ಅಂಚಿನಲ್ಲಿ ಮಾತ್ರ ನೀರಿದ್ದ ಕೊಳ, ಧೂಳು ಮುಚ್ಚಿದ ರತ್ನರಾಶಿ. ಇವೆಲ್ಲ ಪಂಚಮಕಾಲದ ಸೂಚನೆಗಳೆಂದು ಆದಿದೇವನು ತಿಳಿಸುತ್ತಾನೆ. ನಾವು ಸಾಮಾನ್ಯವಾಗಿ ಈ ಪಟ್ಟಿಯನ್ನಷ್ಟೇ ಓದಿ ಮುಂದೆ ಹೋಗುತ್ತೇವೆ. ಆದರೆ ಭರತನು ಸಮವಸರಣಕ್ಕೆ ಹೋದದ್ದು ಕನಸಿನ ಫಲವನ್ನು ಕೇಳುವುದಕ್ಕಾಗಿ ಮಾತ್ರವಲ್ಲ. ತಾನು ದ್ವಿಜವರ್ಣವನ್ನು ಸೃಷ್ಟಿಸಿದೆನು. ಭಗವಂತನು ಇರುವಾಗ ಹೀಗೆ ಮಾಡಿದ್ದು ಗುಣವೋ ದೋಷವೋ ಎಂಬ ಶಂಕೆ ಅವನನ್ನು ಕಾಡುತ್ತಿತ್ತು. ಅದನ್ನು ಅವನು ಮುಚ್ಚಿಡದೆ ಮುಂದಿಡುತ್ತಾನೆ. ದೊರೆತ ಉತ್ತರವೂ ಪೂರ್ತಿ ಖುಲಾಸೆಯಲ್ಲ, ಪೂರ್ತಿ ಶಿಕ್ಷೆಯೂ ಅಲ್ಲ: ಮಾಡಿದ್ದು ಈಗ ಯುಕ್ತವೇ, ಮುಂದೆ ಕಾಲದೋಷದಿಂದ ಅದೇ ಕೆಡುಕಾಗುತ್ತದೆ. ಷಟ್ಖಂಡದ ಚಕ್ರವರ್ತಿಯು ತನ್ನ ಕೃತ್ಯದ ಲೆಕ್ಕವನ್ನೊಪ್ಪಿಸುತ್ತ ನಿಂತಿರುವ ಈ ಸನ್ನಿವೇಶದಲ್ಲಿ ಕನಸು ಮತ್ತು ವಿಚಾರಣೆ ಮೊದಲ ಬಾರಿಗೆ ಒಂದೆಡೆ ಕೂಡಿವೆ ಎಂದು ನನ್ನ ಅಭಿಪ್ರಾಯ. ಕನಸು ಅವನನ್ನು ಆ ಸಭೆಗೆ ಕರೆದೊಯ್ಯುತ್ತದೆ. ಪ್ರಶ್ನೆ ಮಾತ್ರ ಅವನು ಎಚ್ಚರದಲ್ಲಿ ಮಾಡಿದ ಕಾರ್ಯವನ್ನು ಕುರಿತದ್ದು.

ಚಂದ್ರಗುಪ್ತನ ಹದಿನಾರು ಕನಸುಗಳು ಇದಕ್ಕಿಂತ ಭಿನ್ನ. ಮೈಸೂರು ಪ್ರಾಂತದ ದೇವಚಂದ್ರನು 19ನೆಯ ಶತಮಾನದ ಪೂರ್ವಾರ್ಧದಲ್ಲಿ ಬರೆದ ರಾಜಾವಳಿಕಥೆಯಲ್ಲಿ ಅವು ವಿಸ್ತಾರವಾಗಿ ಬರುತ್ತವೆ. ಹನ್ನೆರಡು ಹೆಡೆಯ ಸರ್ಪವು ಹನ್ನೆರಡು ವರ್ಷಗಳ ಕ್ಷಾಮವೆಂಬ ಅರ್ಥ ಎಲ್ಲರಿಗೂ ತಿಳಿದದ್ದೇ. ಆದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ, ಸುಮಾರು ಕ್ರಿ.ಶ. 600ರ ಶಾಸನದಲ್ಲಿ ಈ ಕನಸುಗಳ ಮಾತೇ ಇಲ್ಲ. ಅಲ್ಲಿ ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಅಷ್ಟಾಂಗ ಮಹಾನಿಮಿತ್ತಜ್ಞಾನದಿಂದ ದ್ವಾದಶವರ್ಷಗಳ ವೈಷಮ್ಯವನ್ನು ಅರಿತನೆಂದಷ್ಟೇ ಇದೆ. ಮುನಿಯ ಜ್ಞಾನವಾಗಿದ್ದುದು ಕಾಲಕ್ರಮದಲ್ಲಿ ರಾಜನ ಕನಸಾಗಿ ಬೆಳೆದಿರುವುದನ್ನು ಇಲ್ಲಿ ಕಾಣಬಹುದು. ರಾಜನಿಗೆ ಇಲ್ಲಿ ಯಾವ ಅಪರಾಧವೂ ಇಲ್ಲ. ಆದುದರಿಂದ ಪ್ರಕೃತ ವಿಷಯಕ್ಕೆ ಈ ಕಥೆ ಹೆಚ್ಚು ಒದಗುವುದಿಲ್ಲ.

ಹೆಚ್ಚು ಒದಗುವುದು ಯಶೋಧರನ ಕಥೆ. ಪುಷ್ಪದಂತನ ಅಪಭ್ರಂಶ ಕಾವ್ಯ, ವಾದಿರಾಜನ ಸಂಸ್ಕೃತ ಕಾವ್ಯ, ಕ್ರಿ.ಶ. 959ರಲ್ಲಿ ಮುಗಿದ ಸೋಮದೇವಸೂರಿಯ ಯಶಸ್ತಿಲಕ, 1209ರಲ್ಲಿ ಮುಗಿದ ಜನ್ನನ ಯಶೋಧರಚರಿತೆ, ಹೀಗೆ ಈ ಕಥೆಯನ್ನು ಹೇಳದ ಶತಮಾನವಿಲ್ಲ. ಸೋಮದೇವನ ವಿಷಯದಲ್ಲಿ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ನೀತಿವಾಕ್ಯಾಮೃತವನ್ನು ಬರೆದು ಅದರಲ್ಲಿ ವಿವಾದಸಮುದ್ದೇಶವೆಂಬ ಪ್ರಕರಣವನ್ನೇ ಇಟ್ಟು, ಗುಣದೋಷಗಳನ್ನು ತೂಗುವಲ್ಲಿ ರಾಜನು ತಕ್ಕಡಿಯ ದಂಡದಂತಿರಬೇಕೆಂದು ವಿಧಿಸಿದವನೂ ಅವನೇ. ನ್ಯಾಯಸಭೆಯ ಒಳಹೊರಗನ್ನು ಬಲ್ಲವನು, ತಪ್ಪಿದ ತೂಕದ ಈ ಕಥೆಯನ್ನೂ ಆರಿಸಿಕೊಂಡನು.

ಜನ್ನನ ಕಾವ್ಯದ ಕ್ರಮವನ್ನು ನೆನೆಯೋಣ. ಯಶೋಧರನು ರಾತ್ರಿಯಲ್ಲಿ ಅಮೃತಮತಿಯನ್ನು ಹಿಂಬಾಲಿಸಿ ಮಾವುತನ ಎಡೆಯಲ್ಲಿ ಅವಳನ್ನು ಕಾಣುತ್ತಾನೆ. ಕತ್ತಿಗೆ ಕೈಹಾಕಿ, ತಡೆದು, ಹಿಂತಿರುಗುತ್ತಾನೆ. ಅಲ್ಲಿ ಅವನು ರಾಜನಾಗಿ ತೀರ್ಪು ಕೊಡಬಹುದಿತ್ತು, ವಿರಕ್ತನಾಗಿ ಹೊರಟುಹೋಗಬಹುದಿತ್ತು; ಎರಡನ್ನೂ ಮಾಡಲಿಲ್ಲ. ಬೆಳಗ್ಗೆ ಮಗನ ಮುಖದ ಕಳೆಗುಂದಿದ್ದನ್ನು ಕಂಡು ತಾಯಿ ಚಂದ್ರಮತಿ ಕಾರಣವನ್ನು ಕೇಳಿದಾಗ, ಕಂಡದ್ದನ್ನು ಹೇಳಲಾರದೆ, ಕಾಣದ ಒಂದು ದುಃಸ್ವಪ್ನವನ್ನು ಕಟ್ಟಿ ಹೇಳುತ್ತಾನೆ. ತಾಯಿಯು ಅದನ್ನು ನಿಮಿತ್ತವೆಂದು ತೆಗೆದುಕೊಂಡು ದೇವಿಗೆ ಪ್ರಾಣಿಬಲಿಯ ಶಾಂತಿಯನ್ನು ಸೂಚಿಸುತ್ತಾಳೆ. ಮಗನು ಒಪ್ಪುವುದಿಲ್ಲ. ಕೊನೆಗೆ ಹಿಟ್ಟಿನ ಕೋಳಿಯಲ್ಲಿ ಇಬ್ಬರಿಗೂ ಒಪ್ಪಂದವಾಗುತ್ತದೆ. ಕತ್ತಿ ತಗುಲಿದಾಗ ಆ ಕೋಳಿ ಕೂಗುತ್ತದೆ.

ಈ ಕಥೆಯನ್ನು ಸಂಕಲ್ಪಹಿಂಸೆಯ ನಿದರ್ಶನವೆಂದು ಎಲ್ಲರೂ ಹೇಳುತ್ತಾರೆ, ಸರಿಯೇ. ಆದರೆ ಹಿಂಸೆಗೆ ದಾರಿಯಾದದ್ದು ಏನು? ಒಂದು ಕನಸನ್ನು ತಪ್ಪು ಕಟ್ಟಿಗೆ ಸೇರಿಸಿದ್ದು. ಹೇಳಬೇಕಾದ ಸಂಗತಿಯೊಂದನ್ನು ಯಶೋಧರನು ಕನಸೆಂಬ ಹೊದಿಕೆಯಲ್ಲಿ ಸುತ್ತಿಕೊಟ್ಟನು. ಚಂದ್ರಮತಿಯು ಹೊದಿಕೆಗೆ ಮದ್ದು ಮಾಡಿದಳು. ಕನಸು ಸುಳ್ಳು, ಕೋಳಿ ಸುಳ್ಳು, ಕರ್ಮಬಂಧ ಮಾತ್ರ ನಿಜ. ಮುಂದೆ ಮಗನು ನವಿಲಾಗಿ, ತಾಯಿ ನಾಯಾಗಿ, ಹೀಗೆ ಭವಭವಗಳಲ್ಲಿ ತೊಳಲಿ, ಕಡೆಗೆ ಅಭಯರುಚಿ ಅಭಯಮತಿಗಳಾಗಿ ಹುಟ್ಟಿ, ಬಲಿಗೆಂದು ಮಾರಿದತ್ತನ ಮುಂದೆ ತರಲ್ಪಡುತ್ತಾರೆ. ರಾಜನು ಖಡ್ಗ ಹಿಡಿದಿದ್ದಾನೆ, ಮುಂದೆ ಇಬ್ಬರು ಎಳೆಯರು, ನೀವಾರೆಂದು ಕೇಳುತ್ತಾನೆ. ಅಂದು ತಾಯಿಯ ಮುಂದೆ ಹೇಳದೆ ಉಳಿಸಿಕೊಂಡಿದ್ದ ಸಂಗತಿಯನ್ನು ಅಭಯರುಚಿಯು ಇಲ್ಲಿ ಕೊಲ್ಲಹೊರಟವನ ಮುಂದೆ, ಅಂಜದೆ, ಆದ್ಯಂತವಾಗಿ ಹೇಳುತ್ತಾನೆ. ಜನ್ನನ ಕಾವ್ಯವೆಲ್ಲವೂ ಈ ಒಂದು ಹೇಳಿಕೆಯೇ ಆಗಿದೆ. ಅದನ್ನು ಕೇಳಿದ ಮೇಲೆ ಖಡ್ಗ ಹಿಡಿದವನೇ ಆರೋಪಿಯ ಸ್ಥಾನದಲ್ಲಿ ನಿಲ್ಲುತ್ತಾನೆ.

ಇನ್ನು ಆಚಾರಗ್ರಂಥಗಳ ಪಕ್ಷ. ವಟ್ಟಕೇರಾಚಾರ್ಯರ ಮೂಲಾಚಾರದ ಷಡಾವಶ್ಯಕಾಧಿಕಾರದಲ್ಲಿ ಒಂದು ವಿಲಕ್ಷಣವಾದ ನಿಯಮವಿದೆ. ನಡುವಣ ಇಪ್ಪತ್ತೆರಡು ತೀರ್ಥಂಕರರ ಕಾಲದ ಮುನಿಗಳು ದೋಷವಾದಾಗ ಮಾತ್ರ, ಆದ ದೋಷಕ್ಕೆ ಮಾತ್ರ ಪ್ರತಿಕ್ರಮಣ ಮಾಡುತ್ತಿದ್ದರು. ಆದಿ ತೀರ್ಥಂಕರರ ಮತ್ತು ಅಂತ್ಯ ತೀರ್ಥಂಕರರ ಶಿಷ್ಯರಾದರೋ ನಡಿಗೆ, ಗೋಚರಿ, ಸ್ವಪ್ನ ಮುಂತಾದವುಗಳಲ್ಲಿ ದೋಷವಾಗಲಿ ಆಗದಿರಲಿ, ಎಲ್ಲ ಪ್ರತಿಕ್ರಮಣಗಳನ್ನೂ ನಿಯಮದಿಂದ ಮಾಡತಕ್ಕದ್ದು. ಇಲ್ಲಿ ಸ್ವಪ್ನವನ್ನು ನಡಿಗೆ ಮತ್ತು ಭಿಕ್ಷೆಗಳ ಸಾಲಿನಲ್ಲಿ ಇಟ್ಟಿರುವುದನ್ನು ಪಂಡಿತರು ಗಮನಿಸಬೇಕು. ಆಕಾಶದಲ್ಲಿ ಕಂಡ ಉಲ್ಕೆಯ ಜೊತೆಗಲ್ಲ, ಮೈಮೇಲೆ ಬಿದ್ದ ಹಲ್ಲಿಯ ಜೊತೆಗೂ ಅಲ್ಲ. ತಾನು ಇಟ್ಟ ಹೆಜ್ಜೆಯ ಜೊತೆಗೆ, ತಾನು ತೆಗೆದುಕೊಂಡ ತುತ್ತಿನ ಜೊತೆಗೆ.

ಕಾರಣವನ್ನೂ ಮೂಲಾಚಾರವೇ ಹೇಳುತ್ತದೆ: ಈ ಕಾಲದವರು ಚಲಚಿತ್ತರು, ಮೋಹವಶರು. ಅದಕ್ಕೆ ಕುರುಡು ಕುದುರೆಯ ದೃಷ್ಟಾಂತ. ವಸುನಂದಿಯ ವೃತ್ತಿಯು ಆ ಕಥೆಯನ್ನು ಬಿಡಿಸುತ್ತದೆ. ರಾಜನ ಕುದುರೆ ಕುರುಡಾಯಿತು; ವೈದ್ಯನು ಊರಲ್ಲಿ ಇರಲಿಲ್ಲ; ಅವನ ಮಗನಿಗೆ ಯಾವ ಮದ್ದು ತಗಲುವುದೆಂದು ತಿಳಿಯದು. ಕಣ್ಣಿಗೆ ಹಿತವೆಂದು ಮನೆಯಲ್ಲಿದ್ದ ಮದ್ದುಗಳನ್ನೆಲ್ಲ ಹಚ್ಚಿದನು. ಅವುಗಳಲ್ಲಿ ಒಂದು ನಾಟಿ ಕುದುರೆಗೆ ಕಣ್ಣು ಬಂದಿತು. ಆರೋಪವೇನೆಂದು ತಿಳಿಯದೆ ಕಟಕಟೆಯಲ್ಲಿ ನಿಂತವನ ಅವಸ್ಥೆಗೆ ಇದಕ್ಕಿಂತ ಸಮೀಪವಾದ ದೃಷ್ಟಾಂತವನ್ನು ನಾನು ಬೇರೆಡೆ ಕಾಣೆನು. ಯಾವ ದೋಷಕ್ಕೆ ಈ ಕನಸು ಎಂದು ತಿಳಿಯದಿದ್ದರೆ ತಿಳಿಯುವವರೆಗೆ ಕಾಯಬೇಕಾಗಿಲ್ಲ.

ರಾತ್ರಿಯ ದೋಷಗಳಿಗೆ ರಾತ್ರಿಕ ಪ್ರತಿಕ್ರಮಣ. ಅದರ ಕಾಯೋತ್ಸರ್ಗದ ಅಳತೆ 54 ಉಚ್ಛ್ವಾಸಗಳು, ಹಗಲಿನದು 108, ಪಾಕ್ಷಿಕಕ್ಕೆ 300, ಚಾತುರ್ಮಾಸಿಕಕ್ಕೆ 400, ಸಾಂವತ್ಸರಿಕಕ್ಕೆ 500. ರಾತ್ರಿಯದು ಹಗಲಿನ ಅರ್ಧ. ನಿದ್ರೆಯು ದರ್ಶನಾವರಣೀಯ ಕರ್ಮದ ಉದಯ. ನಿದ್ರೆ, ನಿದ್ರಾನಿದ್ರೆ, ಪ್ರಚಲೆ, ಪ್ರಚಲಾಪ್ರಚಲೆ, ಸ್ತ್ಯಾನಗೃದ್ಧಿ ಎಂದು ಅದರ ಐದು ಭೇದಗಳನ್ನು ತತ್ತ್ವಾರ್ಥಸೂತ್ರವು ಎಣಿಸಿದೆ. ಎಚ್ಚರದ ದೋಷಕ್ಕೆ ಇರುವಷ್ಟು ಭಾರವನ್ನು ಕನಸಿಗೆ ಹೊರಿಸಿಲ್ಲ. ಪೂರ್ತಿಯಾಗಿ ಬಿಟ್ಟೂ ಇಲ್ಲ. ಮೂರು ಉಚ್ಛ್ವಾಸಕ್ಕೆ ಒಂದು ಪಂಚನಮಸ್ಕಾರವೆಂಬ ಲೆಕ್ಕದಲ್ಲಿ 54 ಉಚ್ಛ್ವಾಸವೆಂದರೆ ಹದಿನೆಂಟು ನಮಸ್ಕಾರಗಳು. ದುಃಸ್ವಪ್ನವನ್ನು ಕಂಡವನಿಗೆ ಶಾಸ್ತ್ರವು ವಿಧಿಸುವ ಶಾಂತಿಯೆಂದರೆ ಬಹುಮಟ್ಟಿಗೆ ಇಷ್ಟೇ. ಇದಕ್ಕೆ ಪುರೋಹಿತನೂ ಬೇಡ, ಹಿಟ್ಟಿನ ಕೋಳಿಯೂ ಬೇಡ.

ಇದು ಮುನಿಧರ್ಮ, ಗೃಹಸ್ಥನಿಗೆ ಹೇಗೆ ಅನ್ವಯಿಸುತ್ತದೆಂಬ ಆಕ್ಷೇಪವು ನ್ಯಾಯವಾದದ್ದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಸಾಮಾಯಿಕದಲ್ಲಿ ಕುಳಿತ ಗೃಹಸ್ಥನನ್ನು, ಉಪಸರ್ಗದಿಂದ ಬಟ್ಟೆ ಹೊದಿಸಲ್ಪಟ್ಟ ಮುನಿಗೆ ಹೋಲಿಸುತ್ತಾರೆ. ಅಷ್ಟು ಹೊತ್ತಿನ ಮಟ್ಟಿಗೆ ಆ ಮುನಿಯ ಲೆಕ್ಕ ಈ ಗೃಹಸ್ಥನಿಗೂ ಸಲ್ಲುತ್ತದೆಂದು ನಾನು ತಿಳಿಯುತ್ತೇನೆ.

ಆದರೆ ಶಿರಸ್ತೇದಾರರ ಕನಸಿನಲ್ಲಿ ಇದ್ದುದು ನ್ಯಾಯಾಲಯ. ಪೀಠದಲ್ಲಿ ಮುಖ ಕಾಣದವರೊಬ್ಬರು ಇದ್ದರು. ಅವರು ಯಾರು? ಯಮ, ಚಿತ್ರಗುಪ್ತರ ಸಭೆಯನ್ನು ಒಪ್ಪಿದವರು ಸುಲಭವಾಗಿ ಉತ್ತರ ಹೇಳಬಲ್ಲರು. ಜೈನಸಿದ್ಧಾಂತದಲ್ಲಿ ಕರ್ಮಫಲವನ್ನು ತೀರ್ಮಾನಿಸಿ ಕೊಡುವ ಈಶ್ವರನಿಲ್ಲ; ಪರಲೋಕದಲ್ಲಿ ಕಾದಿರುವ ಪೀಠವೂ ಇಲ್ಲ. ವಿಷವನ್ನು ಕುಡಿದವನಿಗೆ ವಿಷವೇ ಫಲವನ್ನು ಕೊಡುವಂತೆ ಕರ್ಮವು ತಾನೇ ಉದಯಕ್ಕೆ ಬಂದು ಫಲಿಸುತ್ತದೆ. ಆದಕಾರಣ ವಿಚಾರಣೆಯ ಕನಸನ್ನು ಮುಂದೆ ನಡೆಯಲಿರುವ ಯಾವುದೋ ವಿಚಾರಣೆಯ ಮುನ್ಸೂಚನೆಯೆಂದು ಓದಲು ನಮ್ಮ ದರ್ಶನದಲ್ಲಿ ಎಡೆಯೇ ಇಲ್ಲ. ಪೀಠ ಖಾಲಿಯಾಗಿದೆ. ಕಟಕಟೆ ಮಾತ್ರ ಉಳಿಯುತ್ತದೆ; ಅದರಲ್ಲಿ ಒಂದು ಭಯ ನಿಂತಿದೆ.

ಈ ಭಯದ ವಿಷಯವಾಗಿ ಕುಂದಕುಂದಾಚಾರ್ಯರು ಸಮಯಸಾರದ ಮೋಕ್ಷಾಧಿಕಾರದಲ್ಲಿ ಹೇಳಿರುವುದು ಇಲ್ಲಿಯ ಕೀಲಕವಾಗಿದೆ. ಕಳವು ಮುಂತಾದ ಅಪರಾಧವನ್ನು ಮಾಡಿದವನು ಜನರ ನಡುವೆ ಓಡಾಡುವಾಗ, ಕಳ್ಳನೆಂದು ಯಾರಾದರೂ ಹಿಡಿದು ಕಟ್ಟಿಯಾರೆಂದು ಶಂಕೆಯಿಂದ ತಿರುಗುತ್ತಾನೆ. ಅಪರಾಧ ಮಾಡದವನು ನಿಶ್ಶಂಕನಾಗಿ ನಾಡಿನಲ್ಲಿ ನಡೆಯುತ್ತಾನೆ. ಹಾಗೆಯೇ ಅಪರಾಧಿಯಾದ ಆತ್ಮನಿಗೆ ಬಂಧದ ಶಂಕೆ, ನಿರಪರಾಧಿಗೆ ಅದಿಲ್ಲ. ಅನಂತರ ಆಚಾರ್ಯರು ಅಪರಾಧ ಶಬ್ದವನ್ನೇ ಬಿಡಿಸಿ ತೋರಿಸುತ್ತಾರೆ: ಯಾವನಿಂದ ‘ರಾಧ’ವು, ಎಂದರೆ ಆರಾಧನೆಯು, ಸಿದ್ಧಿಯು ಅಗಲಿಹೋಗಿದೆಯೋ ಅವನು ಅಪರಾಧಿ. ಲೋಕದ ನ್ಯಾಯಾಲಯದಲ್ಲಿ ಅಪರಾಧವೆಂದರೆ ಮಾಡಿದ ಕೃತ್ಯ. ಇಲ್ಲಿ ಅದು ಬಿಟ್ಟುಹೋದ ಸ್ಥಿತಿ. ಆರೋಪಪತ್ರದಲ್ಲಿ ಬರೆಯಲಾಗದ ಅಪರಾಧ ಇದು. ಕನಸಿನಲ್ಲಿ ಆರೋಪವನ್ನು ಯಾರೂ ಓದದಿದ್ದುದು ನನಗೆ ಆಮೇಲೆ ಅಷ್ಟು ವಿಚಿತ್ರವಾಗಿ ತೋರಲಿಲ್ಲ.

ಅದೇ ಅಧಿಕಾರದ ಕೊನೆಯಲ್ಲಿ ಪ್ರತಿಕ್ರಮಣ, ನಿಂದೆ, ಗರ್ಹೆ ಮುಂತಾದ ಎಂಟನ್ನೂ ವಿಷಕುಂಭವೆಂದು ಕರೆದಿದೆಯಲ್ಲಾ ಎಂದು ಸಮಯಸಾರವನ್ನು ಬಲ್ಲವರು ಕೇಳಿಯಾರು. ಅದು ನಿಶ್ಚಯನಯದ ಮಾತು; ಪ್ರತಿಕ್ರಮಣವನ್ನು ದಾಟಿದವನಿಗೆ ಹೇಳಿದ್ದೇ ಹೊರತು ಅದನ್ನು ಇನ್ನೂ ಮಾಡದವನಿಗೆ ಹೇಳಿದ್ದಲ್ಲವೆಂದು ಅಮೃತಚಂದ್ರಸೂರಿಯು ಸ್ಪಷ್ಟಪಡಿಸಿದ್ದಾನೆ. ತನ್ನನ್ನೇ ಬಯ್ದುಕೊಳ್ಳುತ್ತ ಕುಳಿತುಬಿಡುವುದೂ ಒಂದು ಕಟ್ಟೇ ಎಂಬ ಎಚ್ಚರಿಕೆ ಮಾತ್ರ ಎಲ್ಲರಿಗೂ ಸಲ್ಲುತ್ತದೆ. ಪ್ರತಿ ರಾತ್ರಿ ಕಟಕಟೆ ಹತ್ತುವವರಿಗೆ ಅದು ವಿಶೇಷವಾಗಿ ಸಲ್ಲುತ್ತದೆ.

ಇತಿಹಾಸವು ನನ್ನ ವಾದಕ್ಕೆ ಪೂರ್ತಿಯಾಗಿ ಅನುಕೂಲವಾಗಿಲ್ಲವೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಪ್ರತಿಕೂಲವಾದ ಸಾಕ್ಷ್ಯ ಈ ಪ್ರಶ್ನೆ ಎದ್ದ ನೆಲದಲ್ಲಿಯೇ ಇದೆ. ಗುಬ್ಬಿ ತಾಲ್ಲೂಕಿನ ಕಡಬದ ತಾಮ್ರಶಾಸನವು ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ್ದು. ಶಕ 735, ಕ್ರಿ.ಶ. 812. ಕುನುಂಗಿಲ್ ದೇಶವನ್ನು, ಎಂದರೆ ಇಂದಿನ ಕುಣಿಗಲ್ಲಿನ ಪ್ರದೇಶವನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಶನೈಶ್ಚರಪೀಡೆ ಉಂಟಾಗಿತ್ತು. ಅದನ್ನು ಅರ್ಕಕೀರ್ತಿಮುನಿಯು ಪರಿಹರಿಸಿದನು. ಚಾಕಿರಾಜನ ವಿಜ್ಞಾಪನೆಯಂತೆ ಶಿಲಾಗ್ರಾಮದ ಜಿನೇಂದ್ರಭವನಕ್ಕಾಗಿ ಆ ಮುನಿಗೆ ಜಾಲಮಂಗಲವೆಂಬ ಗ್ರಾಮವನ್ನು ದತ್ತಿಯಾಗಿ ಬಿಡಲಾಯಿತು. ಯಾಪನೀಯ ಸಂಘದ ಪುನ್ನಾಗವೃಕ್ಷಮೂಲಗಣದ ಗುರುಪರಂಪರೆ ಅದರಲ್ಲಿ ಉಕ್ತವಾಗಿದೆ. ಆಳರಸರು ಮುನಿಗಳ ಬಳಿಗೆ ಬಂದದ್ದು ಆತ್ಮಾಲೋಚನೆಗಿಂತ ಹೆಚ್ಚಾಗಿ ಪೀಡಾಪರಿಹಾರಕ್ಕೆ, ಮುನಿಗಳೂ ಅದನ್ನು ಒಲ್ಲೆನೆನ್ನಲಿಲ್ಲ ಎಂದು ಇದರಿಂದ ಹೇಳಬೇಕಾಗುತ್ತದೆ. ಸ್ವಪ್ನಫಲದ ಓಲೆಗಳು ಇಷ್ಟೊಂದು ಉಳಿದು ಬಂದದ್ದೂ ಅದಕ್ಕಾಗಿಯೇ. ಜನ ಕೇಳಿದ್ದನ್ನು ಲಿಪಿಕಾರರು ಬರೆದುಕೊಟ್ಟರು. ಗ್ರಹಪೀಡೆಯ ನೆವದಿಂದ ಬಂದವರನ್ನು ಮುನಿಗಳು ಬಲಿಯ ಕಡೆಗಲ್ಲದೆ ಬಸದಿಯ ಕಡೆಗೆ ತಿರುಗಿಸಿದರೆಂಬುದಷ್ಟನ್ನೇ ನಾನು ಇದಕ್ಕೆ ಎದುರಾಗಿ ಹೇಳಬಲ್ಲೆನು. ಅದು ಸಣ್ಣ ಸಂಗತಿಯಲ್ಲ. ಆದರೆ ಪ್ರತಿಕ್ರಮಣವೂ ಅಲ್ಲ.

ಎರಡನೆಯ ಸಲ ಉಪ್ಪಾರಹಳ್ಳಿಗೆ ಹೋದಾಗ ಶಿರಸ್ತೇದಾರರಿಗೆ ಇದನ್ನೆಲ್ಲ ವಿಸ್ತರಿಸಿ ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಶಿವಾರ್ಯರ ಭಗವತೀ ಆರಾಧನೆಯಲ್ಲಿ ಬರುವ ಆಲೋಚನೆಯ ಹತ್ತು ದೋಷಗಳನ್ನು ಮಾತ್ರ ಹೇಳಿದೆನು. ಗುರುವಿಗೆ ಕನಿಕರ ಹುಟ್ಟಿಸಿ ಹೇಳುವುದು ಆಕಂಪಿತ. ತನ್ನ ಅಶಕ್ತಿಯನ್ನು ಮುಂದಿಟ್ಟು ಹಗುರವಾದ ದಂಡವನ್ನು ಊಹಿಸಿಕೊಂಡು ಹೇಳುವುದು ಅನುಮಾನಿತ. ಇತರರು ನೋಡಿಬಿಟ್ಟದ್ದನ್ನು ಮಾತ್ರ ಹೇಳುವುದು ದೃಷ್ಟ. ದೊಡ್ಡದನ್ನು ಹೇಳಿ ಸಣ್ಣದನ್ನು ಬಿಡುವುದು ಬಾದರ. ಸಣ್ಣದನ್ನು ಹೇಳಿ ದೊಡ್ಡದನ್ನು ಅಡಗಿಸುವುದು ಸೂಕ್ಷ್ಮ. ಇಂತಹ ತಪ್ಪನ್ನು ಒಬ್ಬನು ಮಾಡಿದರೆ ಏನು ಪ್ರಾಯಶ್ಚಿತ್ತವೆಂದು ಪರರ ಹೆಸರಿನಲ್ಲಿ ಕೇಳುವುದು ಛನ್ನ. ಎಲ್ಲರೂ ಗದ್ದಲದಲ್ಲಿರುವಾಗ ಹೇಳಿ ಮುಗಿಸುವುದು ಶಬ್ದಾಕುಲಿತ. ಬಹುಜನ, ಅವ್ಯಕ್ತ, ತತ್ಸೇವಿಗಳವರೆಗೆ ನಾನು ಹೋಗುವಷ್ಟರಲ್ಲಿ ಅವರು, “ಇವನ್ನು ಬರೆದವರು ನಮ್ಮ ಕೋರ್ಟನ್ನು ನೋಡಿದ್ದರೇನು ಸ್ವಾಮಿ? ಹೇಳಿಕೆ ಕೊಡುವವರು ಮಾಡುವುದೆಲ್ಲ ಇವೇ” ಎಂದರು. ಯಶೋಧರನ ಸುಳ್ಳುಗನಸು ಛನ್ನದೋಷಕ್ಕೆ ತೀರ ಹತ್ತಿರವಾದದ್ದೆಂದು ಹೊಳೆದದ್ದು ನನಗೂ ಆಗಲೇ.

ಒಂದು ವ್ಯತ್ಯಾಸವನ್ನು ಅವರೇ ಕೇಳಿ ತಿಳಿದುಕೊಂಡರು. ಕೋರ್ಟಿನಲ್ಲಿ ಹೇಳಿದ್ದು ಎಲ್ಲರ ಎದುರಿಗೆ. ನಕಲು ಬೇಕೆಂದವರಿಗೆ ನಕಲು. ಗುರುವಿಗೆ ಹೇಳಿದ್ದು? ಆಚಾರ್ಯನ ಗುಣಗಳಲ್ಲಿ ಅಪರಿಸ್ರಾವಿತ್ವವೂ ಒಂದು. ಕಾದ ಕಬ್ಬಿಣವು ಕುಡಿದ ನೀರು ಹೊರಗೆ ಸೋರದಂತೆ, ಹೇಳಿದ ದೋಷವು ಅವನಿಂದ ಹೊರಗೆ ಹೋಗದು ಎಂದೆನು. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, ನನ್ನನ್ನು ಗುರುವೆಂದು ಅಲ್ಲದಿದ್ದರೂ ಕೇಳುವವನೆಂದು ತಿಳಿದು, ಹಿಂದೆಂದೋ ತಾವು ಬರೆದುಕೊಂಡ ಒಂದು ಹೇಳಿಕೆಯ ವಿಷಯವನ್ನು ಹೇಳಿದರು. ಅದನ್ನು ಇಲ್ಲಿ ಬರೆಯುವುದು ಯುಕ್ತವಲ್ಲ. ಚಾತುರ್ಮಾಸ ಮುಗಿಯುವುದರೊಳಗೆ ಮುನಿಗಳ ಸನ್ನಿಧಿಯಲ್ಲಿ ಅದನ್ನು ಒಪ್ಪಿಸುವುದಾಗಿಯೂ, ಅದಕ್ಕೆ ಮೊದಲು ಒಮ್ಮೆ ಮಂದರಗಿರಿಯ ಬಸದಿಗಳಿಗೆ ಹೋಗಿಬರಬೇಕೆಂದಿರುವುದಾಗಿಯೂ ತಿಳಿಸಿದರು. ಬೆಟ್ಟದ ಮೆಟ್ಟಿಲುಗಳನ್ನು ಈ ವಯಸ್ಸಿನಲ್ಲಿ ಹತ್ತುವುದು ಹೇಗೆಂಬುದು ಅವರ ಮನೆಯವರ ಚಿಂತೆ.

ಹೊರಡುವ ಮುನ್ನ ಓಲೆಗಳನ್ನು ಇನ್ನೊಮ್ಮೆ ಬಿಚ್ಚಿಸಿದರು. ಸ್ವಪ್ನಫಲದ ಕೊನೆಯ ಗರಿಯಲ್ಲಿ ಏನು ಬರೆದಿದೆ ಓದಿ ಎಂದರು. ಲಿಪಿಕಾರನ ಹೆಸರಿದ್ದ ಎಡೆಯಲ್ಲಿ ಗರಿ ಮುರಿದಿದೆ. ಬರೆದುದರಲ್ಲಿ ತಪ್ಪುಗಳಿದ್ದರೆ ಬಲ್ಲವರು ತಿದ್ದಿ ಓದಬೇಕೆಂಬ, ನಮ್ಮ ಓಲೆಗಳ ಕೊನೆಯಲ್ಲೆಲ್ಲ ಕಾಣುವ ಬೇಡಿಕೆಯಷ್ಟೇ ಉಳಿದಿದೆ. ಶಿರಸ್ತೇದಾರರು ಅದನ್ನು ಎರಡು ಸಲ ಓದಿಸಿಕೊಂಡರು.